ವಿಮಾನದ ಹೊಟ್ಟೆಗೊಂದು ಬಾಗಿಲು

ಕೂತ್ಕೊಳ್ರಪ್ಪಾ, ಕೂತ್ಕೊಳ್ರಮ್ಮಾ. ನಗು ಬಂದ್ರೆ ನಗಿ, ನಾನೇನು ಬೇಡ ಅನ್ನಲ್ಲ. ಆದರೆ ಬೆಟ್ಟಯ್ಯನ್ನ ಮಾತ್ರ ಬೈಬೇಡಿ. ಅವನನ್ನ ಬೈಯೋ ಹಕ್ಕು ಅವರವ್ವಂದು. ಅವಳು ಹೊಟ್ಟೆ ತುಂಬ ಬೈದಾಗಿದೆ, ನಮಗೆ ಅಂತ ಒಂದು ಮಾತೂ ಉಳಿಸಿಲ್ಲ.

ಮರದ ಆಟದ ಸಾಮಾನು ಮಾಡೋರ ಬೀದಿ ಒಂದಿತ್ತು. ಆ ಬೀದೀಲಿ ಲಿಂಗಾಚಾರ್ರ ಕಾರ್ಖಾನೆ. ಕಾರ್ಖಾನೆ ಅಂದ್ರೆ ಏನೋ ಅಂದ್ಕೋಬೇಡಿ, ಒಂದು ಉದ್ದನೆ ಕೋಣೆ, ಅಷ್ಟೆ. ಅದರ ಗೋಡೆಗೇ ಅಂಟಿಕೊಂಡು ಸಾಕಮ್ಮನ ಮನೆ. ಸಾಕಮ್ಮ ಆಚಾರ್ರ ಗೊಂಬೆಗಳನ್ನ ಮನೆಗೆ ತಂದು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿಕೊಡೋಳು. ಗೋಡೆ ಆಚೆ ಸದ್ದು ಕೇಳ್ತಾ ಕೇಳ್ತಾನೇ ಕೂದಲು ಹಣ್ಣಾಗಿತ್ತು. ಇದು ಉಳಿ, ಇದು ಗರಗಸ, ಇದು ಕೀಸುಳಿ, ಅಂತ ಕಣ್ಣು ಮುಚ್ಚಿಕೊಂಡೇ ಹೇಳೋಳು.

ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದೋನು ಒಬ್ಬನೇ ಮಗ, ಬೆಟ್ಟಯ್ಯ. ಆಳು ಹೆಸರಿಗೆ ತಕ್ಕ ಹಾಗೇ ಇದ್ದ. ಮೀಸೆ ಬಂದಿತ್ತು, ತೋಳಲ್ಲಿ ಕಸುವಿತ್ತು, ಮನಸ್ಸು ಅಂದ್ರೆ ಬೆಣ್ಣೆ. ಹೇಳಿದ್ದು ಮಾಡೋನು. ಅದೇ ನೋಡಿ ಕಷ್ಟ! ಹೇಳಿದ್ದನ್ನೇ ಮಾಡೋನು. "ಹಾಲು ಉಕ್ಕಿದ ಮೇಲೆ ನನ್ನ ಕೂಗು" ಅಂದ್ರೆ ಪಕ್ಕದಲ್ಲೇ ಕೈ ಕಟ್ಟಿಕೊಂಡು ನಿಂತಿರೋನು. ಹಾಲೆಲ್ಲ ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾದ ಮೇಲೆ, "ಅವ್ವಾ! ಉಕ್ತು!" ಅಂತ ಖುಷಿಯಾಗಿ ಕೂಗೋನು.

ಸಾಕಮ್ಮ ತಲೆ ಮೇಲೆ ಕೈ ಹೊತ್ತುಕೊಂಡು ಕೂರೋಳು. "ನಾನು ಇರೋ ತನಕ ಸರಿ. ನಾನು ಕಣ್ಣು ಮುಚ್ಚಿದ ಮೇಲೆ ಈ ನನ್ನ ಕಂದನಿಗೆ ಅನ್ನ ಯಾರು ಹಾಕ್ತಾರೆ? ಕೈಯಲ್ಲಿ ಒಂದು ಕೆಲಸ ಅಂತ ಇದ್ರೆ ಹೆಂಗೋ ಬದುಕ್ಕೋತಾನೆ." ಇದೊಂದೇ ಅವಳ ಕೊರಗು. ಹೋದಳು ಆಚಾರ್ರ ಹತ್ತಿರ, ಕೈ ಮುಗಿದಳು.

"ಆಚಾರ್ರೇ, ನನ್ನ ಮಗನಿಗೆ ಒಂದು ಕೆಲಸ ಕಲಿಸಿ!"

ಆಚಾರ್ರು ಕಿವಿ ಮೇಲಿನ ಪೆನ್ಸಿಲ್ ತೆಗೆದರು, ಮತ್ತೆ ಕಿವಿ ಮೇಲೇ ಇಟ್ಟರು. "ನೋಡಮ್ಮ ಸಾಕಮ್ಮ, ಪಟ್ಟಣದ ಕಾಲೇಜಿನ ಶ್ರೀಕಂಠ ಮೇಷ್ಟ್ರು ಮರದ ವಿಮಾನ ಬೇಕು ಅಂದಿದ್ದಾರೆ. ಬರೀ ಗೂಟಕ್ಕೆ ತಗುಲಿಹಾಕೋ ವಿಮಾನ ಅಲ್ಲ, ಮೋಟಾರ್ ಇಟ್ಟು ನಿಜವಾಗ್ಲೂ ಹಾರಿಸ್ತಾರಂತೆ. ಕೇಳಿರೋದು ಒಂದು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಮೂರು ಮಾಡಿದ್ದೀನಿ. ಒಳಗಡೆ ಬ್ಯಾಟರಿ ಕೂರಿಸೋಕೆ ಹೊಟ್ಟೇಲಿ ಒಂದು ಪುಟ್ಟ ಬಾಗಿಲು ಕೊಯ್ಯಬೇಕು. ಕೊಯ್ದ ತುಂಡನ್ನೇ ಮುಚ್ಚಳ ಮಾಡಿ ಹಾಕಬೇಕು, ಕೊಯ್ದಿದ್ದೇ ಕಾಣಬಾರದು. ಅದನ್ನ ನಿನ್ನ ಮಗ ಕಲಿತ್ರೆ ಕಾಯಂ ಇಲ್ಲೇ ಇಟ್ಕೋತೀನಿ. ಮೂರನ್ನೂ ಕೆಡಿಸಿದ್ರೆ ಮಾತ್ರ ನನ್ನ ಬೈಕೋಬೇಡ ಕಣಮ್ಮ."

"ಕಲೀತಾನೆ ಆಚಾರ್ರೇ! ಹೇಳಿದ ಹಂಗೇ ಮಾಡ್ತಾನೆ!" ಅಂದಳು ಸಾಕಮ್ಮ. ಪಾಪ, ಸುಳ್ಳು ಹೇಳಲಿಲ್ಲ ಅವಳು.

ಬೆಳಿಗ್ಗೆ ಆಯ್ತು. ಬೆಟ್ಟಯ್ಯ ಕಾರ್ಖಾನೆಗೆ ಹೋದ. ಆಚಾರ್ರು ಮೊದಲನೇ ವಿಮಾನವನ್ನ ಮಗುಚಿ ಹಾಕಿ, ಹೊಟ್ಟೆ ಮೇಲೆ ಪೆನ್ಸಿಲಲ್ಲಿ ಚೌಕ ಗೆರೆ ಎಳೆದು, "ಇಗೋ, ಇಲ್ಲಿ ಬಾಗಿಲು ತೆರಿ. ಆಯುಧ ಎಲ್ಲ ಗೋಡೇಲಿದೆ, ಒಳ್ಳೇದು ನೋಡಿ ಆರಿಸ್ಕೋ" ಅಂದು ಟೀ ಕುಡಿಯೋಕೆ ಹೋದರು.

ಬೆಟ್ಟಯ್ಯ ಗೋಡೆ ನೋಡಿದ. ಒಳ್ಳೇದು ಯಾವುದು? ಸಣ್ಣದೆಲ್ಲ ಹಳೇದು, ಹಿಡಿ ಸವೆದದ್ದು. ನಡುವೆ ಒಂದು ಅಗಲದ ಉಳಿ, ಹೊಸದು, ಫಳಫಳ ಅಂತಿತ್ತು. ಪಕ್ಕದಲ್ಲೇ ಮರದ ಕೊಡತಿ, ಅದೂ ಹೊಸದು. "ಆಹಾ, ಇದಕ್ಕಿಂತ ಒಳ್ಳೇದು ಇನ್ನೇನಿದೆ!" ಅಂದ. ಗೆರೆ ಮೇಲೆ ಉಳಿ ಇಟ್ಟ. ಕೊಡತಿ ಎತ್ತಿದ.

ಗೋಡೆ ಈಚೆ ಸಾಕಮ್ಮಂಗೆ ಕೇಳಿಸ್ತು: ದಬ್! ದಬ್! ಪಟಾರ್!

ಆಮೇಲೆ ಆಚಾರ್ರ ಗಂಟಲು ಕೇಳಿಸ್ತು. "ಅಯ್ಯಯ್ಯೋ! ಏನೋ ಮಾಡ್ದೆ, ಲೋ ಬೆಟ್ಟಾ! ಬಾಗಿಲು ತೆರಿ ಅಂದ್ರೆ ಊರನ್ನೇ ಒಡೆದುಹಾಕಿದ್ದೀಯಲ್ಲೋ!"

ಬೆಟ್ಟಯ್ಯ ಮನೆಗೆ ಬಂದ. ಸಾಕಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ! ಹಪ್ಪಳದಂಥ ಹಲಗೆಗೆ ಯಾರಾದ್ರೂ ಕೊಡತಿ ಎತ್ತುತಾರೇನೋ? ಹೊಡೀಬಾರದು ಕಣೋ! ಬ್ಲೇಡು ತಗೋಬೇಕು. ಗೆರೆ ಮೇಲೆ ಮೆಲ್ಲಗೆ ಎಳೀಬೇಕು. ಮತ್ತೆ ಎಳೀಬೇಕು, ಮತ್ತೆ ಎಳೀಬೇಕು. ಎಷ್ಟು ಹೊತ್ತಾದ್ರೂ ಆಗ್ಲಿ, ಅವಸರ ಮಾಡಬಾರದು. ಗೊತ್ತಾಯ್ತಾ?"

"ಗೊತ್ತಾಯ್ತವ್ವ! ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದ. ದಾರಿ ಅಂದ್ರೆ ಎಷ್ಟು ಮಹಾ? ಈ ಬಾಗಿಲಿಂದ ಆ ಬಾಗಿಲಿಗೆ. ಆದರೂ ಹೇಳಿಕೊಂಡೇ ಹೋದ. "ಹೊಡೀಬಾರದು. ಬ್ಲೇಡು. ಮೆಲ್ಲಗೆ. ಅವಸರ ಇಲ್ಲ."

ಆವತ್ತು ಮರದ ಲಾರಿ ಬಂದಿತ್ತು. ತೊಡೆ ಗಾತ್ರದ ಹಾಲೆಮರದ ದಿಮ್ಮಿ ಅಂಗಳದಲ್ಲಿ ಬಿದ್ದಿತ್ತು. ಆಚಾರ್ರು, "ಬೆಟ್ಟಾ, ವಿಮಾನ ಮುಟ್ಟಬೇಡ ಇವತ್ತು. ಇದನ್ನ ಎರಡು ತುಂಡು ಮಾಡು" ಅಂದರು. ಅದೇನು ಬೆಟ್ಟಯ್ಯಂಗೆ ದೊಡ್ಡ ಕೆಲಸವೇ? ಕೊಡಲಿ ಎತ್ತಿದ್ರೆ ಆಗಿಹೋಗೋದು. ಆದರೆ ಅವ್ವ ಏನು ಹೇಳಿದ್ದಾಳೆ? ಹೊಡೀಬಾರದು! ತೆಗೆದ ಜೇಬಿಂದ ಗಡ್ಡ ಹೆರೆಯೋ ಬ್ಲೇಡು.

ಗೋಡೆ ಈಚೆ ಸಾಕಮ್ಮ ಕಿವಿ ಕೊಟ್ಟು ಕೂತಳು. ಸದ್ದಿಲ್ಲ. ಮಧ್ಯಾಹ್ನ ಆಯ್ತು, ಸದ್ದಿಲ್ಲ. "ಸದ್ಯ! ಇವತ್ತು ನನ್ನ ಮಗ ನಾಜೂಕಾಗಿ ಮಾಡ್ತಾ ಇದ್ದಾನೆ" ಅಂತ ಅವಳಿಗೆ ಎಲ್ಲಿಲ್ಲದ ಹಿಗ್ಗು. ಖುಷಿಗೆ ಒಂದು ಗೊಂಬೆ ಜಾಸ್ತಿನೇ ಉಜ್ಜಿದಳು.

ಸಂಜೆ ಆಚಾರ್ರು ಬಂದು ನೋಡ್ತಾರೆ, ಬೆಟ್ಟಯ್ಯ ದಿಮ್ಮಿ ಮುಂದೆ ಕುಕ್ಕರಗಾಲಲ್ಲಿ ಕೂತು ಬೆವರು ಸುರಿಸ್ತಾ ಬ್ಲೇಡು ಎಳೀತಿದ್ದಾನೆ.

"ಏನೋ ಇದು?"

"ಗೆರೆ ಬಿದ್ದಿದೆ ನೋಡಿ ಆಚಾರ್ರೇ! ನಾಳಿದ್ದರ ಹೊತ್ತಿಗೆ ತೊಗಟೆ ಮುಗಿಯುತ್ತೆ. ಆಮೇಲೆ ಮರ ಶುರು. ಅವಸರ ಇಲ್ಲ!"

"ನಿನಗೆ ಅವಸರ ಇಲ್ಲ ಕಣಪ್ಪಾ, ನನಗಿದೆ!" ಅಂತ ಆಚಾರ್ರು ಕೂಗಿಕೊಂಡರು. ಮನೆಗೆ ಬಂದ್ರೆ ಸಾಕಮ್ಮಂದು ಇನ್ನೊಂದು ಸುತ್ತು. "ಅಯ್ಯೋ ದಡ್ಡ ಮುಂಡೇದೇ! ದಿಮ್ಮಿಗೆ ಬ್ಲೇಡು ಹಾಕೋನ್ನ ಈ ಭೂಮಿ ಮೇಲೆ ನಾನು ಕಾಣೆ! ಗರಗಸ ಹಾಕಬೇಕು ಕಣೋ. ಈ ತುದೀಲಿ ಶುರು ಮಾಡಬೇಕು, ಆ ತುದೀಲಿ ನಿಲ್ಲಿಸಬೇಕು. ನಡುವೆ ಯಾರು ಏನೇ ಅಂದ್ರೂ ನಿಲ್ಲಿಸಬಾರದು. ಗೊತ್ತಾಯ್ತಾ?"

"ಗೊತ್ತಾಯ್ತವ್ವ! ನಾಳೆ ಹಂಗೇ ಮಾಡ್ತೀನಿ!"

ಹೋದ. "ಗರಗಸ. ಈ ತುದೀಲಿ ಶುರು. ಆ ತುದೀಲಿ ನಿಲ್ಲಿಸು. ಗರಗಸ. ಈ ತುದೀಲಿ ಶುರು..."

ಆಚಾರ್ರಿಗೆ ಪಾಪ ಅನ್ನಿಸ್ತು. ಎರಡನೇ ವಿಮಾನ ಮುಂದಿಟ್ಟು, "ಇವತ್ತು ಬಾಗಿಲು ಕೊಯ್ಯಿ ನೋಡೋಣ. ಮೊನ್ನೆ ಹಂಗೆ ಹೊಡೀಬೇಡ" ಅಂದರು. ಬೆಟ್ಟಯ್ಯ ತಲೆ ಆಡಿಸಿದ. ಗರಗಸ ತಗೊಂಡ. ವಿಮಾನದ ಮೂತೀಲಿ ಶುರು ಮಾಡಿದ.

ಈಚೆ ಸಾಕಮ್ಮ ಕೇಳಿಸ್ಕೊಂಡಳು: ಸರ್ರ್, ಬರ್ರ್, ಸರ್ರ್, ಬರ್ರ್. "ಗರಗಸ! ನಿನ್ನೆಯ ದಿಮ್ಮಿ ಕೊಯ್ತಾ ಇದ್ದಾನೆ, ಒಳ್ಳೇದಾಯ್ತು" ಅಂದ್ಕೊಂಡಳು. ಅಷ್ಟರಲ್ಲಿ ಆಚಾರ್ರ ಕೂಗು. "ಲೋ! ನಿಲ್ಲಿಸೋ! ನಿಲ್ಲಿಸೋ ಅಂದ್ರೆ!" ಆದರೆ ಸರ್ರ್ ಬರ್ರ್ ನಿಲ್ಲಲೇ ಇಲ್ಲ. ನಡುವೆ ಯಾರು ಏನೇ ಅಂದ್ರೂ ನಿಲ್ಲಿಸಬಾರದಲ್ಲ!

ಬಾಲ ಬಂತು. ಬೆಟ್ಟಯ್ಯ ನಿಲ್ಲಿಸಿದ. ವಿಮಾನ ಎರಡು ಹೋಳಾಗಿ ಆ ಕಡೆ ಒಂದು ಈ ಕಡೆ ಒಂದು ಬಿತ್ತು.

"ಬಾಗಿಲು ಎಲ್ಲೋ?" ಅಂದರು ಆಚಾರ್ರು.

"ದೊಡ್ಡದಾಗೇ ತೆರೆದಿದ್ದೀನಿ ಆಚಾರ್ರೇ! ಈ ಕಡೆಯಿಂದ ನೋಡಿದ್ರೆ ಬೀದಿನೇ ಕಾಣುತ್ತೆ!"

ಬೆಟ್ಟಯ್ಯ ಮನೆಗೆ ಬಂದಾಗ ಸಾಕಮ್ಮ ಬಾಗಿಲಲ್ಲೇ ನಿಂತಿದ್ದಳು. ಇನ್ನು ಉಳಿದಿರೋದು ಒಂದೇ ವಿಮಾನ! ಮಗನ್ನ ಹತ್ತಿರ ಕೂರಿಸಿಕೊಂಡು, ಬೈದು, ಅತ್ತು, ಮತ್ತೆ ಬೈದು, ಬಿಡಿಸಿ ಬಿಡಿಸಿ ಹೇಳಿದಳು. "ನೋಡು ಮಗಾ, ಬಾಗಿಲು ಇರೋದು ನಡುವೆ. ನಡುವೆ ಗರಗಸ ಇಳಿಯಲ್ಲ. ಅದಕ್ಕೇ ಮೊದಲು ಬೈರಿಗೆ ತಗೊಂಡು ಮೂಲೇಲಿ ತಿರುಗಿಸಿ ತೂತು ಹಾಕಬೇಕು. ತೂತಿನೊಳಗೆ ತಂತಿ ಗರಗಸ ತೂರಿಸಿ ಕೊಯ್ಯಬೇಕು. ಯಾವ ಬಾಗಿಲಾದ್ರೂ ಹಿಂಗೇ. ಮೊದಲು ಮೂಲೆಗೆ ತೂತು. ಗೊತ್ತಾಯ್ತಾ?"

"ಗೊತ್ತಾಯ್ತವ್ವ! ನಾಳೆ ಹಂಗೇ ಮಾಡ್ತೀನಿ!"

ಹಂಗೇ ಮಾಡಿದ, ಏನ್ ಕೇಳ್ತೀರಿ! ಮಾರನೇ ದಿನ ಆಚಾರ್ರು, ಇವನನ್ನ ಆಯುಧದಿಂದ ದೂರ ಇಟ್ಟರೆ ಸಾಕು ಅಂತ, "ಬೆಟ್ಟಾ, ನಮ್ಮನೆಗೆ ಹೋಗಿ ಅಮ್ಮಾವ್ರ ಹತ್ರ ಅಂಟಿನ ಡಬ್ಬ ಇಸ್ಕೊಂಡು ಬಾ. ಬಾಗಿಲು ಹಾಕಿದ್ರೆ ತೆರಕೊಂಡು ಹೋಗು" ಅಂದು ಕಳಿಸಿದರು. ಹೋಗ್ತಾ ಹೋಗ್ತಾ ಬೆಟ್ಟಯ್ಯ ಬೈರಿಗೆ, ತಂತಿ ಗರಗಸ ಎರಡನ್ನೂ ಬಗಲಿಗೆ ಹಾಕಿಕೊಂಡ. ಬಾಗಿಲು ಅಂದಿದ್ದಾರಲ್ಲ!

ಆಚಾರ್ರ ಹೆಂಡತಿ ಗಿರಿಜಮ್ಮ ಮನೆಯೊಳಗೆ ಹೂ ಕಟ್ಟುತ್ತಾ ಕೂತಿದ್ದರು. ಕಿರ್ರ್, ಕಿರ್ರ್ ಅಂತ ಸದ್ದು. ತಲೆ ಎತ್ತಿ ನೋಡ್ತಾರೆ, ತಲಬಾಗಿಲಿನ ಮೂಲೆಯಿಂದ ಬೈರಿಗೆ ತುದಿ ತಿರುಗ್ತಾ ತಿರುಗ್ತಾ ಒಳಗೆ ಬರ್ತಾ ಇದೆ!

"ಕಳ್ಳ! ಕಳ್ಳ! ಹಿಡೀರಪ್ಪೋ ಕಳ್ಳ!"

ಹೊರಗಿಂದ ಬೆಟ್ಟಯ್ಯನ ದನಿ. "ಕಳ್ಳ ಅಲ್ಲ ಅಮ್ಮಾವ್ರೇ, ನಾನು ಬೆಟ್ಟ! ಒಂದು ಮೂಲೆ ಆಯ್ತು, ಬಾಗಿಲು ಇನ್ನೇನು ತೆರೀತೀನಿ!"

ಬೀದಿ ಜನ ಎಲ್ಲ ಸೇರಿದರು. ನಕ್ಕವರು ನಕ್ಕರು, ಬೈದವರು ಬೈದರು. ಗಿರಿಜಮ್ಮ ಬಾಗಿಲಿನ ತೂತಿಗೆ ಬಟ್ಟೆ ತುರುಕಿ, ಗಂಡನಿಗೂ ಸೇರಿಸಿ ಬೈದರು. ಸಾಕಮ್ಮ ಮಾತ್ರ ನಾಚಿಕೆಯಿಂದ ತಲೆ ಎತ್ತಲಿಲ್ಲ. ಮಗನ ಕಿವಿ ಹಿಡಿದು ಮನೆಗೆ ಎಳಕೊಂಡು ಬಂದಳು.

"ಯಾರಾದ್ರೂ ಇರೋ ಮನೆ ಬಾಗಿಲನ್ನ ಕೊಯ್ತಾರೇನೋ, ಲೋ! ಬಾಗಿಲು ಅಂದ್ರೆ ಮೊದಲು ತಟ್ಟಬೇಕು! 'ಒಳಗೆ ಯಾರಿದ್ದೀರಿ' ಅಂತ ಕೇಳಬೇಕು! ಒಳಗಿರೋರು ಹ್ಞೂಂ ಅಂದ್ರೇನೇ ಕೈ ಹಾಕಬೇಕು! ಅವರು ಹೆಂಗೆ ಹೇಳ್ತಾರೋ ಹಂಗೆ ಮಾಡಬೇಕು! ಗೊತ್ತಾಯ್ತಾ?"

"ಗೊತ್ತಾಯ್ತವ್ವ!" ಅಂದ ಬೆಟ್ಟಯ್ಯ, ಕಿವಿ ಉಜ್ಜಿಕೊಳ್ತಾ. "ನಾಳೆ ಹಂಗೇ ಮಾಡ್ತೀನಿ."

ಆವತ್ತು ಸಾಕಮ್ಮಂಗೆ ಒಂದು ತುತ್ತೂ ಇಳೀಲಿಲ್ಲ. ಎದ್ದು ಆಚಾರ್ರ ಮುಂದೆ ಹೋಗಿ ನಿಂತಳು.

ಆಚಾರ್ರು ಅವಳ ಮುಖ ನೋಡಲಿಲ್ಲ. "ನಾಳೆ ಮೇಷ್ಟ್ರು ಜೀಪ್ ತಗೊಂಡು ಬರ್ತಾರೆ ಸಾಕಮ್ಮ. ಇರೋದು ಒಂದೇ ವಿಮಾನ. ನಾನೇ ಕೊಯ್ತೀನಿ."

"ಅವನ ಕೈಗೇ ಕೊಡಿ ಆಚಾರ್ರೇ. ಇದೊಂದು ಸಲ. ಕೆಟ್ಟರೆ ಆಮೇಲೆ ಇವನ ವಿಷಯ ಎತ್ತಿಕೊಂಡು ನಿಮ್ಮ ಹೊಸ್ತಿಲು ತುಳಿಯಲ್ಲ. ನನಗೂ ವಯಸ್ಸಾಯ್ತು. ಇವನನ್ನ ಎಲ್ಲಿ ಬಿಟ್ಟು ಹೋಗಲಿ, ಹೇಳಿ?"

ಆಚಾರ್ರು ಕಿವಿ ಮೇಲಿನ ಪೆನ್ಸಿಲ್ ತೆಗೆದು ಕೊನೇ ವಿಮಾನದ ಹೊಟ್ಟೆ ಮೇಲೆ ಚೌಕ ಗೆರೆ ಎಳೆದರು. ಆಮೇಲೆ ಹೇಳಿದರು: "ಸರಿ. ಆದರೆ ನಾನು ಅಲ್ಲಿ ನಿಂತು ನೋಡಲಾರೆ ಕಣಮ್ಮ. ನನ್ನ ಎದೆ ಒಡೆದುಹೋಗುತ್ತೆ. ನಾನು ಟೀ ಅಂಗಡೀಲಿ ಕೂತಿರ್ತೀನಿ."

ಬೆಳಿಗ್ಗೆ ಬೆಟ್ಟಯ್ಯ ಹೋದ. ಸಾಕಮ್ಮ ಗೊಂಬೆ ಮುಟ್ಟಲಿಲ್ಲ, ಒಲೆ ಹಚ್ಚಲಿಲ್ಲ. ಗೋಡೆಗೆ ಕಿವಿ ಇಟ್ಟು ನಿಂತಳು. ಯಾವ ಆಯುಧದ ಸದ್ದು ಬರುತ್ತೋ, ಇವನು ಏನು ಎತ್ತಿಕೊಳ್ತಾನೋ, ಅಂತ ಉಸಿರು ಬಿಗಿ ಹಿಡಿದು ಕೇಳಿದಳು.

ಟೊಕ್ ಟೊಕ್.

ಇದ್ಯಾವ ಆಯುಧ? ಸಾಕಮ್ಮ ಇಷ್ಟು ವರ್ಷದಲ್ಲಿ ಈ ಸದ್ದು ಕೇಳಿಲ್ಲ.

ಟೊಕ್ ಟೊಕ್. "ಒಳಗೆ ಯಾರಿದ್ದೀರಿ?"

ಅಯ್ಯೋ ಶಿವನೇ! ಬೆಟ್ಟಯ್ಯ ವಿಮಾನದ ಹೊಟ್ಟೆ ತಟ್ಟುತ್ತಾ ಇದ್ದಾನೆ! ತಟ್ಟುತ್ತಾನೆ, ಕೇಳ್ತಾನೆ, ಕಾಯ್ತಾನೆ. ಮತ್ತೆ ತಟ್ಟುತ್ತಾನೆ. "ಒಳಗೆ ಯಾರಾದ್ರೂ ಇದ್ದೀರಾ? ನಾನು ಬೆಟ್ಟ. ಬಾಗಿಲು ತೆರೀಬೇಕಿತ್ತು." ಬಿಸಿಲು ಏರ್ತಾ ಬಂತು. ಜೀಪ್ ಯಾವ ಗಳಿಗೇಲಿ ಬರುತ್ತೋ! ಒಳಗಿಂದ ಹ್ಞೂಂ ಅನ್ನೋ ತನಕ ಈ ಮಹಾರಾಯ ಕೈ ಹಾಕೋನಲ್ಲ.

ಓಡಿಹೋಗಿ ಹೇಳೋಣ ಅಂತ ಸಾಕಮ್ಮ ಸೆರಗು ಸಿಕ್ಕಿಸಿಕೊಂಡಳು. ಹೊಸ್ತಿಲ ತನಕ ಬಂದೋಳು ನಿಂತಳು. ಹೋಗಿ 'ಹಂಗಲ್ಲ, ಹಿಂಗೆ' ಅಂತ ಹೇಳಿದ್ರೆ ಏನಾಗುತ್ತೆ? 'ಗೊತ್ತಾಯ್ತವ್ವ, ನಾಳೆ ಹಂಗೇ ಮಾಡ್ತೀನಿ' ಅಂತಾನೆ. ನಾಳೆ ತಗೊಂಡು ಏನು ಮಾಡೋದು! ಇವತ್ತು ಆಗಬೇಕಲ್ಲ!

ವಾಪಸ್ ಬಂದಳು. ಗೋಡೇಲಿ ಒಂದು ಬಿರುಕಿತ್ತು. ಅದಕ್ಕೆ ಬಾಯಿ ಇಟ್ಟಳು.

"ಹ್ಞೂಂ! ನಾನಿದ್ದೀನಿ ಕಣಪ್ಪಾ!"

ಆ ಕಡೆ ಟೊಕ್ ಟೊಕ್ ನಿಂತಿತು. "ಯಾರು? ಅವ್ವನಾ? ನೀನು ಹೆಂಗೆ ಒಳಗೆ ಹೋದೆ ಅವ್ವ?"

"ಅದೆಲ್ಲ ಆಮೇಲೆ! ಮೊದಲು ಬಾಗಿಲು ತೆರಿ!"

"ತೆರೀತೀನವ್ವ! ಉಳಿ ತರ್ಲಾ?"

"ಅಯ್ಯೋ ಬೇಡ! ಉಳಿ ಬೇಡ, ಕೊಡತಿ ಬೇಡ! ಬ್ಲೇಡು ತಗೋ. ಗೆರೆ ಮೇಲೆ ಮೆಲ್ಲಗೆ ಎಳಿ."

"ನಿಂಗೆ ತಾಗಲ್ವಾ ಅವ್ವ?"

ಸಾಕಮ್ಮ ಬಿರುಕಿಗೆ ಇನ್ನೂ ಹತ್ತಿರ ಬಾಯಿ ತಂದಳು. "ತಾಗದ ಹಂಗೆ ಎಳಿ ಮಗಾ."

ಎಳೆದ ನೋಡಿ! ಆ ಬೆಟ್ಟದಂಥ ಆಳು, ದಿಮ್ಮಿ ಎತ್ತಿ ಒಗೆಯೋ ಕೈ, ಆವತ್ತು ಕೂಸಿನ ಉಗುರು ಕತ್ತರಿಸೋ ಹಾಗೆ ಎಳೆಯಿತು. ಸಾಕಮ್ಮಂಗೆ ಸದ್ದೇ ಕೇಳಲಿಲ್ಲ, ಅವನ ಉಸಿರು ಮಾತ್ರ ಕೇಳಿಸ್ತಿತ್ತು. ಒಂದೊಂದು ಎಳೆತಕ್ಕೂ, "ಅವ್ವ, ನೋವಾಯ್ತಾ?" "ಇಲ್ಲ ಮಗಾ, ಎಳಿ."

"ಗೆರೆ ಬಿತ್ತವ್ವ!"

"ಈಗ ಬೈರಿಗೆ. ದೊಡ್ಡದಲ್ಲ, ಇರೋದ್ರಲ್ಲಿ ಎಲ್ಲಕ್ಕಿಂತ ಸಣ್ಣದು."

"ನೀನು ಯಾವ ಕಡೆ ಇದ್ದೀಯ ಅವ್ವ? ಚುಚ್ಚಿಬಿಟ್ಟೇನು!"

"ನಾನು ಬಾಲದ ಕಡೆ ಮುದುರಿಕೊಂಡಿದ್ದೀನಿ. ನೀನು ಮೂತಿ ಕಡೆ ಮೂಲೇಲಿ ಹಾಕು. ಅದುಮಬೇಡ! ಬರೀ ತಿರುಗಿಸು!"

ಕಿರ್ರ್, ಕಿರ್ರ್. ತೂತಾಯ್ತು. ಆ ತೂತಿಗೆ ಕೂದಲೆಳೆಯಂಥ ತಂತಿ ಗರಗಸ ಇಳೀತು. ಸಾಕಮ್ಮ ಸದ್ದು ಕೇಳಿಕೊಂಡೇ ಹೇಳ್ತಾ ಹೋದಳು. ಸದ್ದು ಜೋರಾದ್ರೆ, "ನಿಧಾನ!" ತಡವರಿಸಿದ್ರೆ, "ಮೂಲೆ ಬಂತು, ತಿರುಗಿಸು!" ಅವ್ವನ್ನ ಹೊರಗೆ ತೆಗೀಬೇಕು, ಅವ್ವಂಗೆ ಗೀರೂ ಬೀಳಬಾರದು. ಬೆಟ್ಟಯ್ಯಂಗೆ ಇನ್ನೇನೂ ತಲೇಲಿಲ್ಲ. ಚೌಕ ತುಂಡು ಬೆಣ್ಣೆ ಬಿಟ್ಟ ಹಾಗೆ ಬಿಟ್ಟುಕೊಂಡಿತು. ಅಂಚಿಗೆ ಉಪ್ಪುಕಾಗದ ಉಜ್ಜಿದ. ಒಳಗೆ ಬಗ್ಗಿ ನೋಡಿದ.

"ಅವ್ವಾ! ಕಾಣ್ತಾನೇ ಇಲ್ವಲ್ಲ!"

ಸಾಕಮ್ಮ ಬೆವೆತು ನೀರಾದಳು. "ಕತ್ತಲೆ ಕಣೋ ಇಲ್ಲಿ! ಮುಚ್ಚಳ ಸರಿಯಾಗಿ ಕೂರುತ್ತಾ ನೋಡು ಮೊದಲು! ಮುಚ್ಚು ಮುಚ್ಚು!"

ಮುಚ್ಚಿದ. ಟಕ್ ಅಂತ ಕೂತಿತು. ಅದೇ ಗಳಿಗೇಲಿ ಬೀದೀಲಿ ಜೀಪ್ ಸದ್ದು. ಶ್ರೀಕಂಠ ಮೇಷ್ಟ್ರು ಮುಂದೆ, ಆಚಾರ್ರು ಹಿಂದೆ, ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಬಂದರು.

ಮೇಷ್ಟ್ರು ವಿಮಾನ ಎತ್ತಿ ಮಗುಚಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಆಚಾರ್ರೇ, ಬಾಗಿಲು ಎಲ್ಲಿ? ಕೊಯ್ಯೋದು ಮರೆತಿರಾ?"

ಆಚಾರ್ರು ಹೊಟ್ಟೆ ಮೇಲೆ ಬೆರಳು ಆಡಿಸಿದರು. ಒಂದು ಕಡೆ ಉಗುರು ಸಿಕ್ಕಿತು. ಎತ್ತಿದರು. ಬಾಗಿಲು! ಹಾಕಿದರು, ಗೆರೆ ಕಾಣಲ್ಲ. ತೆಗೆದರು, ಬಾಗಿಲು! ಆಚಾರ್ರು ಬಾಯಿ ಬಿಟ್ಟುಕೊಂಡು ಬೆಟ್ಟಯ್ಯನ್ನ ನೋಡಿದರು.

"ಯಾರೋ ಮಾಡಿದ್ದು?"

"ನಾನೇ ಆಚಾರ್ರೇ. ಅವ್ವ ಒಳಗಿಂದ ಹೇಳಿಕೊಟ್ಟಳು."

ಗೋಡೆ ಆಚೆ ಯಾರೋ ಕೆಮ್ಮಿದ ಹಾಗಾಯ್ತು. ಆಚಾರ್ರು ಗೋಡೆ ನೋಡಿದರು, ಬಿರುಕು ನೋಡಿದರು. ಎಲ್ಲ ಅರ್ಥ ಆಯ್ತು. ನಗು ಉಕ್ಕಿ ಬಂತು, ತಡೆದುಕೊಂಡರು. ವಿಮಾನದ ಹೊಟ್ಟೆ ಹತ್ತಿರ ಬಗ್ಗಿ, ಬೀದಿಗೆಲ್ಲ ಕೇಳೋ ಹಾಗೆ ಕೂಗಿದರು.

"ಕೇಳಿಸ್ತಾ ಸಾಕಮ್ಮ? ನಿನ್ನ ಮಗ ಇನ್ಮೇಲೆ ಇಲ್ಲೇ! ನಾನು ಇದ್ರೂ ಸರಿ, ಇಲ್ಲದಿದ್ರೂ ಸರಿ, ನನ್ನ ಮಕ್ಕಳಿಗೂ ಹೇಳಿರ್ತೀನಿ. ಬಾಗಿಲಿನ ಕೆಲಸ ಎಲ್ಲ ಇವಂದೇ!"

ಗೋಡೆ ಆಚೆ ಸಾಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ವರ್ಷದ ಕೊರಗು!

ಮೇಷ್ಟ್ರು ವಿಮಾನವನ್ನ ಜೀಪಿನ ಹಿಂದಿನ ಸೀಟಲ್ಲಿ ಜೋಪಾನವಾಗಿ ಮಲಗಿಸಿದರು. ಜೀಪ್ ಬುರ್ರ್ ಅಂತು. ಹೊರಟಿತು.

ಬೆಟ್ಟಯ್ಯ ಜೀಪ್ ಹೋಗ್ತಿರೋ ಕಡೆ ನೋಡಿದ. ಆಮೇಲೆ ಎದೆ ಹೊಡೆದುಕೊಂಡು ಓಡಿದ. "ನಿಲ್ಸಿ! ಮೇಷ್ಟ್ರೇ, ನಿಲ್ಸಿ! ನಮ್ಮವ್ವ! ಅಯ್ಯೋ, ನಮ್ಮವ್ವ!"

ಕೂಗು ಕೇಳಿ ಸಾಕಮ್ಮ ಮನೆಯಿಂದ ಹೊರಗೆ ಬಿದ್ದಳು. ಮಗನ ಹಿಂದೆ ಓಡಿದಳು. "ಬೆಟ್ಟಾ! ನಿಲ್ಲೋ! ನಾನಿಲ್ಲೇ ಇದ್ದೀನಿ ಕಣೋ!"

ಬೆಟ್ಟಯ್ಯ ಓಡ್ತಾ ಓಡ್ತಾನೇ ತಿರುಗಿ ನೋಡಿದ. ಕಣ್ಣಿಂದ ಧಾರೆ ಧಾರೆ ನೀರು.

"ನೀನು ಮನೇಲಿರು ಅವ್ವ! ಒಲೆ ಹಚ್ಚಿ ಏನಾದ್ರೂ ಬೇಯಿಸಿಡು! ನಮ್ಮವ್ವ ವಿಮಾನದೊಳಗೆ ಹೋಗ್ತಾ ಇದ್ದಾಳೆ, ನಾನು ಹೋಗಿ ಕರ್ಕೊಂಡು ಬರ್ತೀನಿ! ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ ಅವಳು!"

ಅಷ್ಟಂದು ಜೀಪಿನ ಹಿಂದೆ ಓಡಿದ. ಸಾಕಮ್ಮ ಬೀದಿ ನಡುವೆ ನಿಂತು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಮನೆಗೆ ಹೋಗಿ, ಒಲೆ ಹಚ್ಚಿ, ಮೂರು ಜನಕ್ಕೆ ಆಗುವಷ್ಟು ಎಸರಿಟ್ಟಳು.